ನಾಲ್ಕು ನಿಮಿಷದ ಬರಾಬರಿ

೩ ಮಾರ್ಚ್ ೧೯೫೭, ಭಾನುವಾರ
ಎಂದಿನಂತೆ ಮುಂಬಯಿ ಪರೇಲಿನ ತಾಲೀಮಿಗೆ, ನಮ್ಮ ಗರಡಿಗೆ. ಮಣ್ಣಿಗೆ ಎಣ್ಣೆ, ಮಜ್ಜಿಗೆ ಹಾಕಿ ಕಲಸುತ್ತಿದ್ದರು. ಮುಂದಿನ ತಿಂಗಳ ಕುಸ್ತಿಗೆ ಏಳು ಜೋಡಿ ಹಚ್ಚಿದೆ. ಎಂಟನೆಯದಕ್ಕೆ ಒಬ್ಬ ಗಿಡ್ಡ ಬೇಕು.
ನಮ್ಮ ತಾಲೀಮಿನ ಪೈಲವಾನ್ ಬಸವಂತಪ್ಪ ಸತ್ತು ಇಂದಿಗೆ ಹನ್ನೊಂದು ದಿನ. ಅಳು ಬಂದಿಲ್ಲ. ಎರಡು ಕಪ್ ಚಹಾ ಕುಡಿದೆ.

ಅದೇ ದಿನ, ಸಂಜೆ
ಅವನ ಹೆಂಡತಿ ಕಾಶವ್ವ ಬಂದಿದ್ದಳು. ದಾದರಿನ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿದ ಫೋಟೋ, ಸೆರಗಿನಲ್ಲಿ ಸುತ್ತಿ. ತಾಲೀಮಿನ ಗೋಡೆಗೆ ಹಾಕಿಸಬೇಕಂತೆ. ದುಡಿದ ಗಿರಣಿಯವರು ಹಾಜರಿಯಿಂದ ಹೆಸರು ಆಗಲೇ ಹೊಡೆದುಹಾಕಿದ್ದಾರೆ, ಉಳಿದರೆ ಇಲ್ಲೇ ಉಳಿಯಬೇಕು ಅಂದಳು.
ಆಗಲಿ ಅಂದೆ. ಕುಸ್ತಿ ಮೈದಾನದಲ್ಲಿ ಮೈಕ್ ಹಿಡಿದು ಬದುಕಿದವನಿಗೆ ಆ ಮಾತು ಸಲೀಸು.

೧೦ ಮಾರ್ಚ್
ಕಮಿಟಿ. ಅಧ್ಯಕ್ಷ ಸಿದ್ದಲಿಂಗಪ್ಪ ರೂಲು ತೆಗೆದ — ಫೈನಲ್‌ನಲ್ಲಿ ಬಹುಮಾನದ ಗದೆ ಗೆದ್ದವರ ಫೋಟೋ ಮಾತ್ರ ಗೋಡೆಗೆ. ನಾನು ಬಸವಂತಪ್ಪನ ಲೆಕ್ಕ ಒಪ್ಪಿಸಿದೆ. ಅರವತ್ತೊಂದು ಕುಸ್ತಿ. ಗೆಲುವು ಇಪ್ಪತ್ನಾಲ್ಕು, ಸಮಸಮ ಬಿಟ್ಟ ಬರಾಬರಿ ಮೂವತ್ತೇಳು. ಬೆನ್ನಿಗೆ ಮಣ್ಣು ಹತ್ತಿದ್ದು, ಸೊನ್ನೆ. ಇದಕ್ಕಿಂತ ದೊಡ್ಡ ಪೈಲವಾನ್ ಯಾರಿದ್ದಾನೆ, ತೋರಿಸಿ ಅಂದೆ.
“ಸೋಲದವ ಬ್ಯಾರೆ, ಗೆದ್ದವ ಬ್ಯಾರೆ, ಮುರಿಗೆಪ್ಪ. ನಪಾಸಾಗದವರಿಗೆಲ್ಲಾ ಮಾಸ್ತರ ಮೆಡಲ್ ಕೊಡತಾನೇನು?” ಅಂದ ಸಿದ್ದಲಿಂಗಪ್ಪ.
ಎಲ್ಲರೂ ನಕ್ಕರು. ಶೆಟ್ಟೆಪ್ಪ ಮಾತ್ರ ನಗಲಿಲ್ಲ. ಐವತ್ತನೇ ಇಸವಿಯ ಗದೆ ಅವನದು. ತನ್ನ ಫೋಟೋದ ಕೆಳಗೇ ಕುಳಿತಿದ್ದ.
ತೀರ್ಮಾನ ಇಪ್ಪತ್ನಾಲ್ಕನೇ ತಾರೀಕಿಗೆ.

೧೧ ಮಾರ್ಚ್
ಇಲ್ಲಿ ಬರೆದರೆ ಯಾರು ಓದಬೇಕು... ಬರೆಯುತ್ತೇನೆ.
ಐವತ್ತರ ಫೈನಲ್. ಬಸವಂತಪ್ಪ, ಶೆಟ್ಟೆಪ್ಪ. ಐದಕ್ಕೆ ಶುರು, ಐದೂವರೆಗೆ ಮುಗಿಯಬೇಕು. ಗಡಿಯಾರ, ಸೀಟಿ ಎರಡೂ ನನ್ನ ಕೈಯಲ್ಲಿ. ಶೆಟ್ಟೆಪ್ಪನ ಒಂದು ಭುಜ ಮಣ್ಣಿಗಿಳಿದಿತ್ತು, ಇನ್ನೊಂದು ಇಳಿಯುತ್ತಿತ್ತು. ಬರಾಬರಿಯಾದರೆ ಮರುಕುಸ್ತಿ, ಮತ್ತೊಮ್ಮೆ ತುಂಬಿದ ಮೈದಾನ. ನಾಲ್ಕು ನಿಮಿಷ ಮೊದಲೇ ಊದಿದೆ.
ಮರುಕುಸ್ತಿಗೆ ಎಂಟು ದಿನ ಇರುವಾಗ ಗಿರಣಿಯ ಯಂತ್ರದ ಪಟ್ಟಾ ಬಸವಂತಪ್ಪನ ಬಲಗೈ ಎಳೆದುಕೊಂಡಿತು. ಗದೆ ಆಡದೆಯೇ ಶೆಟ್ಟೆಪ್ಪನ ಪಾಲಾಯಿತು. ಮೈಕಿನಲ್ಲಿ ಸಾರಿದವನೂ ನಾನೇ. ಚೆನ್ನಾಗಿ ಸಾರಿದೆ.

೧೯ ಮಾರ್ಚ್
ಕಾಶವ್ವ ಇರುವ ಚಾಳಿನ ಖೋಲಿಗೆ ಹೋಗಿದ್ದೆ. ಕಮಿಟಿ ಒಪ್ಪುವುದು ಕಷ್ಟ ಅಂದೆ. ಕಾಶವ್ವ ಅಕ್ಕಿ ಆರಿಸುತ್ತಲೇ ಇದ್ದಳು. ಆಮೇಲೆ ಹಳೆಯದೊಂದು ನೆನಪು ಮಾಡಿಕೊಂಡಳು.
“ಫೈನಲ್ ದಿನ ನಮ್ಮವ್ರು ಮೈ ತೊಳಕೊಂಡು ಮುಗಿಸೋದ್ರಾಗ ಐದೂವರೆ ಭೋಂಗಾ ಆತಂತ. ಮುರಿಗೆಣ್ಣನ ಗಡಿಯಾರ ಮುಂದ ಓಡತೈತಿ, ರಿಪೇರಿ ಮಾಡಿಸ್ಯಾನೋ ಇಲ್ಲೋ ಅಂತಿದ್ರು.”
ಗಿರಣಿಯ ಭೋಂಗಾ, ಹೊತ್ತು ಸಾರುವ ಸೈರನ್. ಮೈದಾನದ ಗದ್ದಲದಲ್ಲಿ ನಾನೇ ಕೇಳಿರಲಿಲ್ಲ. ಏಳು ವರ್ಷ ಬಸವಂತಪ್ಪ ನನ್ನೆದುರು ಕುಳಿತು ಚಹಾ ಕುಡಿದಿದ್ದಾನೆ. ಒಂದು ಮಾತಿಲ್ಲ.
ಕಾಶವ್ವನಿಗೆ ಅದರ ಅರ್ಥ ಆಗಿಲ್ಲ. ಅವಳಿಗೆ ಅದು ಗಡಿಯಾರದ ಸುದ್ದಿ, ಅಷ್ಟೇ.

೨೪ ಮಾರ್ಚ್, ಭಾನುವಾರ
ಕಮಿಟಿಯಲ್ಲಿ ಆ ನಾಲ್ಕು ನಿಮಿಷದ ವಿಷಯ ಹೇಳಿಬಿಟ್ಟೆ. ಮೈಕಿನ ದನಿ ಬರಲಿಲ್ಲ. ದಿನಸಿ ಚೀಟಿ ಓದಿದ ಹಾಗಿತ್ತು.
ಸಿದ್ದಲಿಂಗಪ್ಪ ಕನ್ನಡಕ ತೆಗೆದ, ಹಾಕಿಕೊಂಡ. ಬುಕ್ಕಿನಲ್ಲಿ ಬರಾಬರಿ ಅಂತಿದೆ, ಈಗ ತಿದ್ದಲಾಗದು ಅಂದ. ಆಗ ಶೆಟ್ಟೆಪ್ಪ ಬಾಯಿ ಬಿಟ್ಟ. ನನ್ನ ಕಡೆ ನೋಡಲಿಲ್ಲ.
“ನಾಲ್ಕು ನಿಮಿಷ ಯಾಕ? ಇನ್ನೊಂದು ಉಸರು ತಗೊಂಡಿದ್ರ ನನ್ನ ಬೆನ್ನು ಮಣ್ಣಾಗ ಇರತಿತ್ತು. ಬುಕ್ ಹಂಗ ಇರಲಿ. ಅವನ ಫೋಟೋ ಹಾಕ್ರಿ, ಇಲ್ಲಾ ನಂದು ಇಳಸ್ರಿ.”
ಹಾಕುವುದು ಅಂತಾಯಿತು. ಸೀಟಿ, ಮೈಕು ಎರಡನ್ನೂ ಮೇಜಿನ ಮೇಲಿಟ್ಟೆ. ಇಟ್ಟುಕೋ ಅಂತ ಯಾರೂ ಅನ್ನಲಿಲ್ಲ. ಏನೂ ಅನ್ನಿಸಲಿಲ್ಲ.

೨೫ ಮಾರ್ಚ್, ಬೆಳಿಗ್ಗೆ
ಕಾಶವ್ವನಿಗೆ ಸುದ್ದಿ ಮುಟ್ಟಿಸಿದೆ. ಕೈ ಒರೆಸಿಕೊಂಡು ನಿಂತಳು. ಹಾಗಾದರೆ ಅವರು ಗೆದ್ದ ಹಾಗೇ ಅಲ್ಲವೇ ಅಂತ ಕೇಳಿದಳು.
ಹೌದು ಅಂದು ಎದ್ದು ಬರಬಹುದಿತ್ತು. ಕುಳಿತೆ.
ತಂಗೀ, ಆ ದಿನ ಸೀಟಿ ಊದಿದ್ದು ನಾನು, ಅಂದೆ. ಗಡಿಯಾರ ನೋಡಿಕೊಂಡೇ, ನಾಲ್ಕು ನಿಮಿಷ ಮೊದಲೇ ಊದಿದೆ. ಅದು ಮುಂದೆ ಓಡಿರಲಿಲ್ಲ.