ಆನೆ ಯಾರ ಒಪ್ಪಿಗೆ ಕೇಳಿತ್ತು?

ಜೂನ್ 2, ಸೋಮವಾರ. ಬೆಳಗ್ಗೆ 5:30

ಮತ್ತೆ ಖಾಕಿಯನ್ನೇ ಇಸ್ತ್ರಿ ಮಾಡಿಟ್ಟಿದ್ದೇನೆ. ಅಭ್ಯಾಸಬಲ. ನನ್ನ ಗಂಡ ಮಧು ನೋಡಿ ನಕ್ಕರು — "ಭಾಗ್ಯ, ರಾಜೀನಾಮೆ ಕೊಟ್ಟಿದ್ದು ನೀನೋ, ನಿನ್ನ ಅವಳಿ ತಂಗಿಯೋ?" ಹೈಸ್ಕೂಲ್ ಮೇಷ್ಟರ ಹಾಸ್ಯ. ಹಳೇಬೀಡಿನ ಮಕ್ಕಳು ಹೇಗೆ ಸಹಿಸಿಕೊಳ್ಳುತ್ತಾರೋ. ಖಾಕಿಯನ್ನು ಮಡಿಚಿ ಬೀರುವಿನ ಮೇಲಿಟ್ಟೆ.

ಇವತ್ತಿನಿಂದ ಅರಣ್ಯ ಇಲಾಖೆಯ ಫಾರೆಸ್ಟರ್ ಅಲ್ಲ. 'ದಾರಿಗಾವಲು' ಎಂಬ ಪುಟ್ಟ ಕಂಪನಿಯ ನೌಕರಳು. ಬೇಲೂರಿನಲ್ಲಿ, ಔಷಧಿ ಅಂಗಡಿಯ ಮೇಲ್ಮಹಡಿ. ಅರೇಹಳ್ಳಿ ಕಡೆ ತೋಟಗಳ ಅಂಚಿನಲ್ಲಿ ಇವರ ಕ್ಯಾಮೆರಾಗಳಿವೆ. ಆನೆ ಕಂಡರೆ ಇಲ್ಲಿ ಸ್ಕ್ರೀನ್ ಕೆಂಪಾಗುತ್ತದೆ. ನಾನು ಬಟನ್ ಒತ್ತಬೇಕು. ಆ ದಾರಿಯಲ್ಲಿ ಕೆಲಸಕ್ಕೆ ಹೋಗುವವರ ಫೋನೆಲ್ಲ ರಿಂಗಾಗುತ್ತದೆ. ಕೂಲಿಯವರಿಗೆ ಪುಕ್ಕಟೆ.

ಇಲಾಖೆಯಲ್ಲಿ ನಾನು ಹೋಗುತ್ತಿದ್ದುದು ಆನೆ ಬಂದುಹೋದ ಮೇಲೆ, ಮಹಜರಿಗೆ. ಒಮ್ಮೆಯಾದರೂ ಆನೆಗಿಂತ ಮುಂಚೆ ತಲುಪಬೇಕು. ಅದಕ್ಕೇ ಬಿಟ್ಟೆ.

ಅವ್ವನಿಗೆ ಹೇಳಿದಾಗಿನಿಂದ ಮಾತಿಲ್ಲ. ಕಣಕಟ್ಟೆಯ ಮನೆಯಲ್ಲಿ ಬಾಬಾಸಾಹೇಬರ ಫೋಟೋ ಪಕ್ಕದಲ್ಲೇ ಖಾಕಿ ತೊಟ್ಟ ನನ್ನ ಫೋಟೋ. ನಮ್ಮ ಮನೆತನದ ಮೊದಲ ಸರ್ಕಾರಿ ನೌಕರಿ. ಅವಳ ಕೊನೆಯ ಮಾತು — "ಆ ಕಂಪ್ನಿಯೋನು ನಾಳೆ ಬಾಗ್ಲಾಕ್ಕಂಡು ಹೋದ್ರೆ ಏನ್ಮಾಡ್ತೀಯೇ?"

ಬಸ್ಸಿಗೆ ಹೊತ್ತಾಯಿತು.

ಜೂನ್ 5

ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದಾರೆ — 'ಜೀವ ಮೊದಲು. ಆನೆಯದೂ.' ಗೋಡೆಬರಹ ಎಷ್ಟು ನೋಡಿಲ್ಲ ನಾನು! ನೋಡೋಣ.

ಕಂಪನಿ ಕಟ್ಟಿದವರು ಶಶಿಕಿರಣ್, ಅರಸೀಕೆರೆಯವರು. ನನಗಿಂತ ಚಿಕ್ಕವರು. ಅವರ ಕಾಫಿ ಲೋಟ ಅವರೇ ತೊಳೆಯುತ್ತಾರೆ. ನನಗೆ ಮುಜುಗರ.

ಮಾಡಿದ್ದೆಲ್ಲವನ್ನೂ ಅವರಿಗೆ ಕಳಿಸುತ್ತಿದ್ದೇನೆ — 'ಅನುಮೋದನೆಗಾಗಿ'. ಇವತ್ತು ಮೇಜನ್ನು ಕಿಟಕಿ ಪಕ್ಕಕ್ಕೆ ಎಳೆದುಕೊಳ್ಳಲೂ ಮೆಸೇಜ್ ಹಾಕಿದೆ. "ಎಳ್ಕೊಳ್ಳಿ ಮೇಡಂ" ಎಂದು ಪಕ್ಕದ ಕುರ್ಚಿಯಿಂದ ಉತ್ತರ ಬಂತು.

ಜೂನ್ 19. ರಾತ್ರಿ

ಊಟ ಸೇರಲಿಲ್ಲ.

ಬೆಳಗ್ಗೆ ಆರೂಮುಕ್ಕಾಲು. ಸ್ಕ್ರೀನ್ ಕೆಂಪಾಯಿತು. ಒಂಟಿ ಸಲಗ, ಅರೇಹಳ್ಳಿ ದಾಟಿ, ಕಾಲುದಾರಿಯ ಮಗ್ಗುಲಲ್ಲೇ. ಫೋಟೋ ತೆಗೆದೆ. ಶಶಿಕಿರಣ್‌ಗೆ ಕಳಿಸಿದೆ — 'ಎಚ್ಚರಿಕೆ ನೀಡಬಹುದೇ? ಅನುಮೋದನೆಗಾಗಿ.'

ಅವರು ಅರಸೀಕೆರೆಯಿಂದ ಬರುವ ಬಸ್ಸಿನಲ್ಲಿದ್ದರು. ನೆಟ್‌ವರ್ಕ್ ಇಲ್ಲ. ನಾನು ಕಾದೆ. ಬಟನ್ ಎದುರಿಗೇ ಇತ್ತು... ಕೈ ಮಡಿಲಲ್ಲಿಟ್ಟುಕೊಂಡು ಕಾದೆ.

ಉತ್ತರ ಬರುವಷ್ಟರಲ್ಲಿ ಕೂಲಿ ಹೆಂಗಸರ ಗುಂಪು ಸಲಗದ ಮುಂದೆಯೇ ಹೋಗಿ ನಿಂತಿತ್ತು. ಟ್ರೆಂಚಿಗೆ ಹಾರಿ ಬದುಕಿಕೊಂಡರು. ಒಬ್ಬರ ಕಾಲು ಉಳುಕಿದೆ. ಬುತ್ತಿ ಚೀಲಗಳೆಲ್ಲ ಆನೆಯ ಪಾದದಡಿ.

ಇದನ್ನು ಮಾಡಲೆಂದೇ ನೌಕರಿ ಬಿಟ್ಟು ಬಂದೆನಾ?

ಜೂನ್ 20

ಕಾಲಿಗೆ ಪಟ್ಟಿ ಕಟ್ಟಿಕೊಂಡು ಆಕೆಯೇ ಮೆಟ್ಟಿಲು ಹತ್ತಿ ಬಂದರು. ಹೇಮಲತಾ, ತೋಟದ ಕೂಲಿ. ಕೂರಲಿಲ್ಲ.

"ಆನೆ ನಿಮ್ಗೆ ಮೊದ್ಲೇ ಕಂಡಿತ್ತಂತೆ. ಹೌದೇನ್ರೀ?"

"ಹೌದು."

"ಮತ್ಯಾಕೆ ಫೋನ್ ಹೊಡಿಲಿಲ್ಲ?"

"ಮೇಲಿನವರ ಒಪ್ಪಿಗೆ ಬರ್ಲಿಲ್ಲ."

"ಆನೆ ಯಾರ ಒಪ್ಪಿಗೆ ಕೇಳಿತ್ತು ಮೇಡಮ್ಮೋರೇ?"

ಕಪಾಳಕ್ಕೆ ಹೊಡೆದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಕ್ಷಮೆ ಕೇಳಿದೆ. ಶಶಿಕಿರಣ್ ಕೂಡ ಎದ್ದು ನಿಂತು ಕೇಳಿದರು. ಆಕೆ ಹೋದ ಮೇಲೆ ಅವರು ನನ್ನನ್ನು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

"ನನ್ನ ತಪ್ಪು ಮೇಡಂ. ಮೊದಲ ದಿನವೇ ಹೇಳ್ಬೇಕಿತ್ತು. ಆ ಬಟನ್ ನಿಮ್ದು. ಸುಳ್ಳು ಕರೆ ಹೋದ್ರೆ ಬೈಗುಳ ನಾನು ತಿಂತೀನಿ. ತಡ ಆದ್ರೆ ಮಾತ್ರ ಇಬ್ರೂ ಮುಖ ತೋರಿಸೋ ಹಾಗಿಲ್ಲ."

ಬಸ್ಸಿನಲ್ಲಿ ಹಳೇಬೀಡಿನವರೆಗೂ ಅತ್ತೆ. ಪಕ್ಕದ ಸೀಟಿನ ಅಜ್ಜಿ ಕಡ್ಲೆಪುರಿ ಕೊಟ್ಟರು.

ಸೆಪ್ಟೆಂಬರ್ 11

ಎಷ್ಟು ದಿನವಾಯಿತು ಬರೆದು! ಬಟನ್ ಒತ್ತುತ್ತಿದ್ದೇನೆ, ಬರೆಯಲು ಬಿಡುವಿಲ್ಲ. ಎರಡು ಸಲ ಸುಳ್ಳು ಕರೆ ಹೋಯಿತು. ಒಂದು ಎಮ್ಮೆ. ಶಶಿಕಿರಣ್ ಬೈಗುಳ ತಿಂದರು, ಹೇಳಿದ ಹಾಗೆಯೇ.

ಇವತ್ತು ರೆಸಾರ್ಟಿನವನೊಬ್ಬ ಬಂದಿದ್ದ. ಆಫೀಸಿನಲ್ಲಿ ನಾನೊಬ್ಬಳೇ. ಆನೆ ಎಲ್ಲಿದೆ ಎಂದು ಅವನ ಗೆಸ್ಟ್‌ಗಳಿಗೂ ಹೇಳಬೇಕಂತೆ, ಜೀಪಿನಲ್ಲಿ ಹೋಗಿ ನೋಡಲು. ಬದಲಿಗೆ ಹೊಸ ಕ್ಯಾಮೆರಾಗಳ ಖರ್ಚೆಲ್ಲ ಅವನದು.

'ಕೇಳಿ ಹೇಳ್ತೀನಿ' ಎಂಬ ಮಾತು ನಾಲಿಗೆ ತುದಿಗೆ ಬಂತು. ನುಂಗಿದೆ. "ಆಗಲ್ಲ ಸಾರ್" ಅಂದೆ. ಕಾಫಿ ಕೊಟ್ಟು ಕಳಿಸಿದೆ.

ಆಮೇಲೆ ಭಯ. ಕಂಪನಿ ಕೈಯಲ್ಲಿ ಕಾಸಿಲ್ಲವೆಂದು ನನಗೂ ಗೊತ್ತು. ಸಂಜೆ ಶಶಿಕಿರಣ್‌ಗೆ ಹೇಳಿದೆ. ಗೋಡೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು.

"ಬನ್ನಿ ಮೇಡಂ, ಮಸಾಲೆ ದೋಸೆ ತಿನ್ನೋಣ."

ಗೋಡೆಬರಹ ನಿಜವಿರಬಹುದು ಎಂದು ಮೊದಲ ಬಾರಿ ಅನ್ನಿಸಿತು. ಎರಡು ದೋಸೆ ತಿಂದೆ.

ನವೆಂಬರ್ 24, ಸೋಮವಾರ

ಗೆದ್ದೆ! ಗೆದ್ದೆ, ಗೆದ್ದೆ!

ನಿನ್ನೆ ಅವ್ವ ಬಂದಳು. ಅರಸೀಕೆರೆಯಲ್ಲಿ ಬಸ್ ಬದಲಿಸಿ, ಹೇಳದೆ ಕೇಳದೆ. "ನಿನ್ ಕಂಪ್ನಿ ಐತೋ ಇಲ್ವೋ ನೋಡಾಣ ಅಂತ ಬಂದೆ." ಇವತ್ತು ಬೆಳಗ್ಗೆ ಮೊದಲ ಬಸ್ಸಿಗೇ ಆಫೀಸಿಗೆ ಕರೆದುಕೊಂಡು ಹೋದೆ.

ಚೀಲ ಇನ್ನೂ ಕೆಳಗಿಟ್ಟಿರಲಿಲ್ಲ. ಸ್ಕ್ರೀನ್ ಕೆಂಪು. ಒಂದಲ್ಲ, ಇಡೀ ಹಿಂಡು. ಮರಿಗಳೂ ಇವೆ. ಕಾಫಿ ಕೊಯ್ಲಿನ ಕಾಲ. ಕೂಲಿಯವರ ಜೀಪುಗಳು ಆ ರಸ್ತೆಗೇ ಬರುವ ಹೊತ್ತು. ಒತ್ತಿದೆ. ನಿಂತುಕೊಂಡೇ ಒತ್ತಿದೆ.

ಹೇಮಲತಾ ಫೋನ್ ಮಾಡಿದರು. ಉಸಿರು ಮೇಲೆಕೆಳಗೆ. "ಮೇಡಂ, ತಿರುವಿನ ಹಿಂದ್ಲೇ ಜೀಪ್ ನಿಲ್ಸಿದೀವಿ! ದಾಟ್ತಾ ಅವೆ... ಮರಿ ನೋಡ್ಬೇಕು ನೀವು, ಅವ್ವನ ಬಾಲ ಹಿಡ್ಕಂಡು... ನಾವೆಲ್ರೂ ಚೆನ್ನಾಗಿದೀವಿ ಮೇಡಂ!"

ಸ್ಪೀಕರ್‌ನಲ್ಲಿ ಹೆಂಗಸರ ನಗು. ನಿಂತಲ್ಲೇ ಅತ್ತೆ, ನಕ್ಕೆ. ಇಷ್ಟು ವರ್ಷದಲ್ಲಿ ಇಂಥ ಸಂತೋಷ ಕಂಡಿರಲಿಲ್ಲ.

ಅವ್ವ ಆ ಬಟನ್ನನ್ನೇ ನೋಡುತ್ತಿದ್ದಳು. "ಇದನ್ನೊತ್ತಾಕೆ ಯಾರ್ನೂ ಕೇಳ್ಬೇಕಿಲ್ವಾ?"

"ಇಲ್ಲ ಕಣವ್ವ."

"ಸಾಹೇಬ್ರನ್ನೂ?"

"ಅವರನ್ನೂ."

ಸೆರಗಿನಿಂದ ನನ್ನ ಮುಖ ಒರೆಸಿದಳು. "ಹಂಗಾರೆ ನೀನೇ ಕಣೇ ಸಾಹೇಬ್ರು."

ಡಿಸೆಂಬರ್ 8. ಬೆಳಗ್ಗೆ 6:35, ಆಫೀಸು

ಅವ್ವನ ಫೋನ್ ಬಂದಿತ್ತು. ಹೊಸ ಕೆಲಸದ ಫೋಟೋ ಬೇಕಂತೆ, ಕಟ್ಟು ಹಾಕಿಸಿ. "ಖಾಕೀದು ತೆಗಿಯಾಕಿಲ್ಲ. ಪಕ್ದಾಗೆ ಜಾಗ ಐತೆ." ಕಣಕಟ್ಟೆ ಬಸ್ಸಿನ ಕಂಡಕ್ಟರ್‌ಗೂ ಆನೆ ಕಥೆ ಹೇಳಿದ್ದಾಳೆ. ಅವಳ ಕಥೆಯಲ್ಲಿ ಆನೆಗಳು ಐವತ್ತಾಗಿವೆ.

ಖಾಕಿ ಇಲ್ಲದ ಫೋಟೋಗೆ ಏನು ಉಡಬೇಕು? ಮಧು ಅವರನ್ನು ಕೇಳಿ... ಛೆ, ಇದಕ್ಕೂ ಒಪ್ಪಿಗೆಯೇ! ಹಸಿರು ಸೀರೆ. ಆಯಿತು. ಇಲ್ಲೇ, ಈ ಮೇಜಿನ ಮುಂದೆ, ಬೆರಳು ಬಟನ್ ಮೇಲಿಟ್ಟು —

ಕೆಂಪು. ಒತ್ತಿದೆ.

ಆನೆ ಇನ್ನೂ ಬೇಲಿಯ ಆಚೆ. ಫೋನ್‌ಗಳು ರಿಂಗಾಗುತ್ತಿವೆ. ಆನೆಗಿಂತ ನಾವು ಮುಂಚೆ.