ಪಕ್ಕದ ಮನೆಯವರ ಅಣ್ಣ

ಮೀರಾ ಮೆಸಾ, ಸ್ಯಾನ್ ಡಿಯೇಗೊ
13 ಮಾರ್ಚ್ 2006

ಭಾವನವರಿಗೆ ನಮಸ್ಕಾರ.

ಎಲೆಕ್ಷನ್ ಡ್ಯೂಟಿಗೆ ಹೋಗಿ ಮತಪೆಟ್ಟಿಗೆಯ ಪಕ್ಕದಲ್ಲೇ ಮಲಗಿ ಬಂದವರು ನೀವು, ಅದಕ್ಕೇ ಇದನ್ನು ನಿಮಗೆ ಬರೆಯುತ್ತಿದ್ದೇನೆ. ಪಕ್ಕದ ಮನೆಯ █████ ಹಿಂದೆ ಸೋವಿಯತ್ ಒಕ್ಕೂಟದಲ್ಲಿದ್ದ ಬೆಲಾರುಸ್‌ನವರು. ಬರುವ ಭಾನುವಾರ ಅಲ್ಲಿ ಚುನಾವಣೆ. ಪೆಟ್ಟಿಗೆಗೆ ರಾತ್ರಿ ಕಾವಲು ಯಾರು ಎಂದು ಕೇಳುವುದಕ್ಕೆ ಅವರ ಅಣ್ಣ ██████ ಹತ್ತು ಜನರ ಸಂಘ ಕಟ್ಟಿದ್ದರು. ನೋಂದಣಿಯಿಲ್ಲದ ಸಂಘವೆಂದು ಹೋದ ವಾರ ಪೊಲೀಸರು ಅವರನ್ನು ಹಿಡಿದುಕೊಂಡು ಹೋದರು.

ನಿನ್ನೆ ಅಂಗಡಿಯ ಕ್ಯೂನಲ್ಲಿ ಆಕೆ ಕಂಡರು. ನಮ್ಮ ಉಡುಪಿಯ ಅಭ್ಯಾಸ, ದೂರದಿಂದಲೇ ಗಟ್ಟಿಯಾಗಿ ಕೇಳಿಬಿಟ್ಟೆ: “ನಿಮ್ಮ ಅಣ್ಣನನ್ನು ಬಿಟ್ರಾ?”

ಹಿಂದೆ ಅವರದೇ ಭಾಷೆ ಮಾತಾಡುವ ಇಬ್ಬರು ನಿಂತಿದ್ದರು. ಆಕೆ ಅವರನ್ನೊಮ್ಮೆ ನೋಡಿ, “ನನಗೆ ಅಣ್ಣನೇ ಇಲ್ಲ” ಎಂದು ಬುಟ್ಟಿಯನ್ನು ಅಲ್ಲೇ ಇಟ್ಟು ಹೊರಟುಹೋದರು.

ಸಂಜೆ ಕ್ಷಮೆ ಕೇಳಲು ಹೋದೆ. ಬಾಗಿಲನ್ನು ಅರ್ಧ ಮಾತ್ರ ತೆರೆದರು. “ಇಲ್ಲಿ ಹೇಳಿದ್ದು ಅಲ್ಲಿಗೆ ಮುಟ್ತದೆ, ನಿಮಗೆ ಗೊತ್ತಾಗುದಿಲ್ಲ” ಎಂದರು.

ನನ್ನ ಬಿಪಿ ಹಿಡಿತದಲ್ಲಿದೆ, ಮಾತ್ರೆ ಏಪ್ರಿಲ್ ತನಕ ಸಾಕು. ಇದನ್ನು ಪೋಸ್ಟ್ ಮಾಡಲು ಮಗಳು ನಿಶಾ ಕಾರಿನಲ್ಲಿ ಕಾಯುತ್ತಿದ್ದಾಳೆ.

ಈ ಕಾರ್ಡು ನಿಮಗೆ ಸಿಗುವ ಮೊದಲು ಎಷ್ಟು ಜನರ ಕೈ ದಾಟುತ್ತದೆ ಎಂಬುದು ಈಗಷ್ಟೇ ನೆನಪಾಯಿತು. ಮೇಲೆ ಎರಡು ಕಡೆ ಕಪ್ಪಾಗಿರುವುದು ಶಾಯಿ ಚೆಲ್ಲಿ ಅಲ್ಲ. ಅಣ್ಣ ತಂಗಿಯ ಹೆಸರು ಬರೆದಿದ್ದೆ, ನಾನೇ ಹೊಡೆದುಹಾಕಿದೆ. ಬೆಳಕಿಗೆ ಹಿಡಿದು ನೋಡಬೇಡಿ.

ರಾಜೀವಿ