ರೆಕ್ಕೆ ಸಿಕ್ಕ ದಿನ

ಜೂಟರ್‌ಮೀರ್, ನೆದರ್‌ಲ್ಯಾಂಡ್ಸ್
೨೭ ಜುಲೈ ೨೦೨೫

ಪ್ರಿಯ ಅನಂತರಾಮ,

ಹೇಗಿದ್ದೀ? ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯಲಿಲ್ಲ. ಬೈದುಕೊಂಡಿರುತ್ತೀ. ಬೈದು ಮುಗಿದ ಮೇಲೆ ಇದನ್ನು ಓದು. ಹಿತಾಳಿಗೆ ಯುಟ್ರೆಕ್ಟ್‌ನಲ್ಲಿ ಸೀಟು ಸಿಕ್ಕಿದ್ದು, ಮಗಳನ್ನು ಬಿಡಲು ಮುಂದಿನ ತಿಂಗಳು ನೀನೂ ಬರುತ್ತಿರುವುದು ತಿಳಿದು ನಮ್ಮ ಮನೆಯಲ್ಲಿ ಹಬ್ಬ.

ನಾನು ಮತ್ತೆ ಕ್ಯಾಮೆರಾ ಹಿಡಿದಿದ್ದೇನೆ. ಧಾರವಾಡದಲ್ಲಿ ಮಿಂಚುಳ್ಳಿಯ ಒಂದು ಫೋಟೋಗಾಗಿ ಕೆಲಗೇರಿ ಕೆರೆಯ ಕೆಸರಿನಲ್ಲಿ ಮಲಗುತ್ತಿದ್ದೆವಲ್ಲ, ಅದೇ ಹುಚ್ಚು. ಈಗ ಬಾಲ್ಕನಿಯೇ ಸಾಕು. ನನ್ನಾಕೆ ಸಿಂಧೂರ ಬೆಳೆಸಿದ ಲ್ಯಾವೆಂಡರ್‌ಗೆ ಒಂದು ಪತಂಗ ಬರುತ್ತದೆ. ಕೂರುವುದೇ ಇಲ್ಲ. ಹೂವಿನ ಮುಂದೆ ಗಾಳಿಯಲ್ಲೇ ನಿಂತು, ಉದ್ದನೆಯ ನಾಲಿಗೆ ಚಾಚಿ ಮಕರಂದ ಹೀರುತ್ತದೆ. ಥೇಟ್ ಹಮಿಂಗ್‌ಬರ್ಡ್! ಪಕ್ಕದ ಮನೆಯ ಡಚ್ ಅಜ್ಜಿ "ಕೋಲಿಬ್ರಿವ್ಲಿಂಡರ್!" ಎಂದು ಅದರ ಹೆಸರನ್ನು ಕೂಗಿ ಹೇಳಿದರು. ಹಮಿಂಗ್‌ಬರ್ಡ್ ಪತಂಗ ಎಂದೇ ಅರ್ಥವಂತೆ.

ಮೊದಲ ವಾರ ತೆಗೆದದ್ದೆಲ್ಲ ಮಸುಕು. ಇತ್ತೀಚೆಗೆ ನನ್ನ ಬಲಗೈ ಸ್ವಲ್ಪ ನಡುಗುತ್ತದೆ. ಅದರಿಂದಲೇ ಎಂದುಕೊಂಡು ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟೆ, ಮುಟ್ಟದೆ ದೂರದಿಂದ ಬಟನ್ ಒತ್ತಿದೆ. ಆಗಲೂ ಮಸುಕೇ.

"ಮುಗೀತು. ಇದನ್ನ ಯಾರಿಗರೆ ಕೊಟ್ಟುಬಿಡೋಣ" ಎಂದೆ.

ಸಿಂಧೂರ ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು. "ಇಲ್ಲಿ ನೋಡ್ರಿ, ಹೂವು ಎಸಳೆಸಳು ಕಾಣ್ತದ. ನಿಮ್ಮ ಕೈದು ತಪ್ಪಲ್ರಿ. ಅದರ ರೆಕ್ಕೀನ ಅಷ್ಟು ಜೋರ ಅದಾವ!"

ಎಷ್ಟೋ ದಿನಗಳ ಮೇಲೆ ಜೋರಾಗಿ ನಕ್ಕೆ ಕಣೋ. ಸೆಕೆಂಡನ್ನು ನಾಲ್ಕು ಸಾವಿರ ಚೂರು ಮಾಡಿದರೆ ಅದರಲ್ಲೊಂದು ಚೂರು ಹೊತ್ತು ಮಾತ್ರ ಶಟರ್ ತೆರೆಯುವಂತೆ ಇಟ್ಟು, ಒಂದೇ ಹೂವಿಗೆ ಫೋಕಸ್ ಹಿಡಿದು ಇಬ್ಬರೂ ಕಾದೆವು. ಮರುದಿನ ಮಧ್ಯಾಹ್ನ ಬಂತು. ರೆಕ್ಕೆಯ ಕಿತ್ತಳೆ ಬಣ್ಣ, ಅಂಚಿನ ನವಿರು ಕೂದಲು, ಎಲ್ಲವೂ ಸಿಕ್ಕಿತು! ನಾವು ಕುಣಿದದ್ದು ನೋಡಿ ಅಜ್ಜಿ ಚಪ್ಪಾಳೆ ತಟ್ಟಿದರು. ಒಂದು ಪ್ರತಿ ಇದರೊಂದಿಗಿದೆ.

ಹಿತಾಳಿಗೆ ನಮ್ಮಿಬ್ಬರ ಆಶೀರ್ವಾದ. ಈ ದೇಶದ ಚಳಿ ಅವಳಿಗೆ ಒಗ್ಗಲಿ, ಓದು ಕೈಹಿಡಿಯಲಿ.

ನಿನ್ನ
ರವಿಕಿರಣ

ತಾ.ಕ.: ಉತ್ತರ ಯಾಕೆ ತಡವಾಯಿತು ಎಂದು ಬರೆಯಲೇ ಇಲ್ಲ. ಈ ನಡುಕ ವಯಸ್ಸಿನದಲ್ಲ. ಪಾರ್ಕಿನ್ಸನ್ ಎಂದರು ಡಾಕ್ಟರು, ಮಾರ್ಚ್‌ನಲ್ಲಿ. ಸಿಂಧೂರಳನ್ನು ಬಿಟ್ಟರೆ ಮೊದಲು ಹೇಳುತ್ತಿರುವುದು ನಿನಗೇ. ಗುಳಿಗೆ ಹಿಡಿಸಿದೆ, ಕೆಲಸಕ್ಕೂ ಹೋಗುತ್ತಿದ್ದೇನೆ. ನೀನು ಬಂದರೆ ಚಹಾ ಸೋಸುವವನು ಎಂದಿನಂತೆ ನೀನೇ ತಾನೆ? ನನ್ನ ಕೈ ನೋಡಿ ಅರ್ಧ ಕಪ್ ಕೊಡಬೇಡ. ತುಂಬ ಹಾಕು. ಚೆಲ್ಲಿದರೆ ಒರೆಸೋಣ.